ಕಾಗೆ ಗೂಡಿನ ಕೋಗಿಲೆ ಯಾಕೆ ಕಾ ಕಾ ಅನ್ನಲ್ಲ?

ಧಾರವಾಡದ ನಮ್ಮ ಮನೆ ಹಿತ್ತಲಿಗೆ ತಾಗಿ ಒಂದು ಹಳೇ ಮಾವಿನ ಮರ ಇದೆ. ಯುಗಾದಿ ಹತ್ತಿರ ಬಂತು ಅಂದರೆ ಸಾಕು, ಬೆಳಗಿನ ಐದು ಗಂಟೆಗೇ ಅದರಲ್ಲಿ ಕೋಗಿಲೆ ಶುರು ಮಾಡುತ್ತದೆ. ಅದೇ ಮರದ ತುದಿ ಕೊಂಬೆಯಲ್ಲಿ ಕಾಗೆಗಳೂ ಗೂಡು ಕಟ್ಟುತ್ತವೆ. ಹೋದ ಬೇಸಿಗೆ ರಜೆಗೆ ಹಾವೇರಿಯಿಂದ ಅಕ್ಕನ ಮಗ ಬಂದಿದ್ದ. ಒಂಬತ್ತು ವರ್ಷದ ಹುಡುಗ. ಕೋಗಿಲೆ ತನ್ನ ಮೊಟ್ಟೆಯನ್ನು ಕಾಗೆ ಗೂಡಿನಲ್ಲಿ ಇಡುತ್ತದೆ ಅಂತ ಸಾಲಿಯಲ್ಲಿ ಹೇಳಿಕೊಟ್ಟಿದ್ದಾರೆ. ಮರದ ಕಡೆ ನೋಡುತ್ತಾ ನಿಂತವನು ಇದ್ದಕ್ಕಿದ್ದಂತೆ ಕೇಳಿದ: "ಮಾಮಾ, ಕಾಗೀನ ಸಾಕಿ ದೊಡ್ಡದು ಮಾಡತೈತಿ ಅಂದ್ರ ಅದು ಕಾ ಕಾ ಅನ್ನಬೇಕಲ್ಲ? ಕುಹೂ ಅನ್ನೂದು ಅದಕ್ಕ ಯಾರು ಕಲಿಸ್ಯಾರ?"

ಆ ಪ್ರಶ್ನೆ ತುಂಬಾ ದಿನ ನನ್ನ ತಲೆಯಲ್ಲೇ ಉಳಿಯಿತು. ಪ್ರಾಣಿಗಳ ದನಿ, ಕಿವಿ, ಮಿದುಳು ಈ ಮೂರರ ಬಗ್ಗೆ ವಿಶ್ವವಿದ್ಯಾಲಯಗಳಲ್ಲಿ 70 ವರ್ಷಗಳಿಂದ ನಡೆದಿರುವ ಸಂಶೋಧನೆಯ ಮೂಲವೇ ಆ ಪ್ರಶ್ನೆ. ಯಾವುದು ಹುಟ್ಟಿನಿಂದ ಬರುತ್ತದೆ, ಯಾವುದನ್ನು ಕೇಳಿ ಕಲಿಯಬೇಕು? ಇನ್ನೊಂದು ಕಾರಣವೂ ಇದೆ. ಅದನ್ನು ಕೇಳಿದ ಹುಡುಗ ಹುಟ್ಟು ಕಿವುಡ. ಅವನ ಕಥೆಯನ್ನು ಆಮೇಲೆ ಹೇಳುತ್ತೇನೆ, ಮೊದಲು ಕೋಗಿಲೆ.

ಅದಕ್ಕೆ ಯಾರೂ ಕಲಿಸಿಲ್ಲ. ಕುಹೂ ಅನ್ನೋದು ಅದರ ಮಿದುಳಿನಲ್ಲಿ ಹುಟ್ಟಿನಿಂದಲೇ ಬಂದಿರುತ್ತದೆ, ರೆಕ್ಕೆ ಬಣ್ಣ ಬಂದ ಹಾಗೆ. ಕಾಗೆ ಗೂಡಿನಲ್ಲಿ ದಿನವಿಡೀ ಕಾ ಕಾ ಕೇಳಿಸಿಕೊಂಡರೂ ದೊಡ್ಡದಾದ ಮೇಲೆ ಗಂಡು ಕೋಗಿಲೆ ಕೂಗೋದು ಕುಹೂ ಅಂತಲೇ. ಇಲ್ಲೊಂದು ಸಂಗತಿ ನನಗೆ ಇವತ್ತಿಗೂ ಬೆರಗು ತರಿಸುತ್ತದೆ. ಪಕ್ಷಿಶಾಸ್ತ್ರದ ಲೆಕ್ಕದಲ್ಲಿ ಕೋಗಿಲೆ ಹಾಡುಹಕ್ಕಿ ಅಲ್ಲ, ಕಾಗೆ ಹಾಡುಹಕ್ಕಿ! ಜಗತ್ತಿನ ಸುಮಾರು 10,000 ಜಾತಿ ಹಕ್ಕಿಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಹಾಡುಹಕ್ಕಿಗಳ ಗುಂಪಿಗೆ ಸೇರುತ್ತವೆ. ಗುಬ್ಬಿ, ಮೈನಾ, ಪಿಕಳಾರ, ಮುನಿಯಾ, ಕಾಗೆ ಎಲ್ಲವೂ ಅದರಲ್ಲೇ. ಈ ಗುಂಪಿನ ಮಿದುಳಿನಲ್ಲಿ ದನಿ ಕೇಳಿ ಕಲಿಯಲು ಬೇಕಾದ ಏರ್ಪಾಡು ಇದೆ. ದನಿ ಇಂಪಾಗಿದೆಯೋ ಕರ್ಕಶವಾಗಿದೆಯೋ ಅನ್ನೋದು ನಮ್ಮ ಕಿವಿಯ ಮಾತು. ಗಿಳಿಗಳು ಮತ್ತು ಅಮೆರಿಕ ಖಂಡದ ಪುಟ್ಟ ಝೇಂಕಾರದ ಹಕ್ಕಿಗಳು (ಹಮ್ಮಿಂಗ್ ಬರ್ಡ್) ಕೂಡ ಕೇಳಿ ಕಲಿಯುತ್ತವೆ. ಕೋಳಿ, ಪಾರಿವಾಳ, ಕೋಗಿಲೆ ಕಲಿಯುವುದಿಲ್ಲ. ಹುಟ್ಟುತ್ತಲೇ ಅವುಗಳ ದನಿ ಸಿದ್ಧ.

ಪ್ರಾಣಿಗಳಲ್ಲೂ ಹೀಗೇ. ಎಮ್ಮೆ ಕರು ಯಾರನ್ನೂ ಕೇಳದೆ ಎಮ್ಮೆ ಹಾಗೇ ಕೂಗುತ್ತದೆ. ಕೇಳಿ ಕಲಿಯುವ ಪ್ರಾಣಿಗಳ ಪಟ್ಟಿ ತೀರಾ ಚಿಕ್ಕದು: ತಿಮಿಂಗಿಲ, ಡಾಲ್ಫಿನ್, ಸೀಲ್, ಬಾವಲಿ, ಆನೆ, ಮತ್ತು ನಾವು. ನಮ್ಮ ಹತ್ತಿರದ ನೆಂಟರಾದ ಮಂಗಗಳು ಈ ವಿಷಯದಲ್ಲಿ ಗುಬ್ಬಿಗಿಂತ ಹಿಂದೆ. ಆದರೆ ಮಂಗಗಳದ್ದೂ ಒಂದು ಚೆಂದದ ಕಥೆ ಇದೆ. ಕೀನ್ಯಾದ ಅಂಬೊಸೆಲಿಯಲ್ಲಿ ವರ್ವೆಟ್ ಅನ್ನೋ ಮಂಗಗಳನ್ನು ರಾಬರ್ಟ್ ಸೇಫರ್ತ್, ಡೊರೊಥಿ ಚೇನಿ, ಪೀಟರ್ ಮಾರ್ಲರ್ ಅಧ್ಯಯನ ಮಾಡಿ 1980ರಲ್ಲಿ ಪ್ರಕಟಿಸಿದರು. ಚಿರತೆ ಬಂದರೆ ಒಂದು ಕೂಗು, ಹದ್ದು ಬಂದರೆ ಬೇರೆ ಕೂಗು, ಹಾವು ಬಂದರೆ ಮತ್ತೊಂದು. ಕೂಗನ್ನು ರೆಕಾರ್ಡ್ ಮಾಡಿ ಸ್ಪೀಕರಿನಲ್ಲಿ ಕೇಳಿಸಿದರೆ ಸಾಕು. ಚಿರತೆ ಕೂಗಿಗೆ ಮರ ಹತ್ತುತ್ತವೆ, ಹದ್ದಿನ ಕೂಗಿಗೆ ಮೇಲೆ ನೋಡಿ ಪೊದೆ ಸೇರುತ್ತವೆ, ಹಾವಿನ ಕೂಗಿಗೆ ಎರಡು ಕಾಲ ಮೇಲೆ ನಿಂತು ನೆಲ ನೋಡುತ್ತವೆ. ಮರಿಗಳಿಗೆ ಕೂಗು ಹುಟ್ಟಿನಿಂದಲೇ ಬರುತ್ತದೆ. ಆದರೆ ಅದನ್ನು ಎಲ್ಲಿ ಬಳಸಬೇಕು ಅನ್ನೋದು ಗೊತ್ತಿರುವುದಿಲ್ಲ. ಮೇಲಿಂದ ಎಲೆ ಉದುರಿದರೂ 'ಹದ್ದು' ಅಂತ ಕೂಗಿಬಿಡುತ್ತವೆ. ದೊಡ್ಡವರು ಯಾವಾಗ ಕೂಗುತ್ತಾರೆ ಅಂತ ನೋಡ್ತಾ ನೋಡ್ತಾ ಸರಿ ಮಾಡಿಕೊಳ್ಳುತ್ತವೆ. ಅಂದರೆ ದನಿ ಹುಟ್ಟಿನದು, ಅರ್ಥ ಕಲಿತದ್ದು. ಎರಡರ ನಡುವೆ ಗೋಡೆ ಹಾಕೋಕೆ ಆಗಲ್ಲ.

ಹುಟ್ಟಿನಿಂದ ಬರುವ ತಿಳಿವಳಿಕೆಯ ಬಗ್ಗೆ ಒಂದು ಒಳ್ಳೆಯ ಕೆಲಸ ನಮ್ಮ ಊರಿನಲ್ಲೇ ನಡೆದಿದೆ, ಇದು ಎಷ್ಟು ಜನ ಧಾರವಾಡದವರಿಗೆ ಗೊತ್ತಿದೆಯೋ. ಕರ್ನಾಟಕ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಪ್ರೊ. ಎಸ್.ಕೆ. ಸೈದಾಪುರ ಮತ್ತು ಅವರ ಜೊತೆಗಾರರು ವರ್ಷಗಟ್ಟಲೆ ಕಪ್ಪೆಗಳ ಗೊದಮೊಟ್ಟೆಗಳನ್ನು ಅಭ್ಯಾಸ ಮಾಡಿದರು. ಮಳೆಗಾಲದಲ್ಲಿ ಅಂಗಳಕ್ಕೆ ಬರುವ ಒರಟು ಮೈಯ ನೆಲಗಪ್ಪೆ ನೋಡಿದ್ದೀರಲ್ಲ, ಅದರ ಗೊದಮೊಟ್ಟೆಗಳು ನೀರಿನಲ್ಲಿ ಕರೀ ಗುಂಪಾಗಿ ಇರುತ್ತವೆ. ಅವುಗಳಿಗೆ ತಮ್ಮ ಒಡಹುಟ್ಟಿದವರು ಯಾರು, ಹೊರಗಿನವರು ಯಾರು ಅಂತ ಗೊತ್ತಾಗುತ್ತದಾ? ಇದನ್ನು ನೋಡಲು ಕೆಲವನ್ನು ಒಡಹುಟ್ಟುಗಳ ಜೊತೆ, ಕೆಲವನ್ನು ಬೇರೆಯವರೂ ಸೇರಿದ ಗುಂಪಿನಲ್ಲಿ, ಕೆಲವನ್ನು ಮೊಟ್ಟೆಯಿಂದಲೇ ಒಂಟಿಯಾಗಿ ಬೆಳೆಸಿದರು. ಆಮೇಲೆ ಉದ್ದನೆಯ ತೊಟ್ಟಿಯಲ್ಲಿ ಬಿಟ್ಟು, ಒಂದು ತುದಿಯಲ್ಲಿ ಒಡಹುಟ್ಟುಗಳನ್ನು, ಇನ್ನೊಂದು ತುದಿಯಲ್ಲಿ ಬೇರೆಯವರನ್ನು ಇಟ್ಟರು. ಊಟದ ವಾಸನೆಯಿಂದ ಗೊಂದಲ ಆಗಬಾರದು ಅಂತ ಎಲ್ಲಕ್ಕೂ ಒಂದೇ ಊಟ, ಬೇಯಿಸಿದ ಪಾಲಕ್. ಒಂಟಿಯಾಗಿ ಬೆಳೆದು ಜನ್ಮದಲ್ಲಿ ಇನ್ನೊಂದು ಗೊದಮೊಟ್ಟೆಯನ್ನೇ ನೋಡದವು ಕೂಡ ಒಡಹುಟ್ಟುಗಳ ಕಡೆಗೇ ಜಾಸ್ತಿ ಹೊತ್ತು ಇದ್ದವು. 2000ರಲ್ಲಿ ಪ್ರಕಟವಾದ ಕೆಲಸ ಇದು. ಯಾರೂ ಪರಿಚಯ ಮಾಡಿಕೊಡಬೇಕಿಲ್ಲ, ಬಳಗ ಯಾವುದು ಅಂತ ಹುಟ್ಟಿನಿಂದಲೇ ಗೊತ್ತು. ಕೋಗಿಲೆಯ ಕುಹೂ ಇದ್ದ ಹಾಗೆ.

ಈಗ ಇನ್ನೊಂದು ದಡಕ್ಕೆ ಬರೋಣ, ಕಲಿಯುವವರ ಕಡೆಗೆ.

1950ರ ದಶಕದಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ವಿಲಿಯಂ ಥಾರ್ಪ್ ಚಾಫಿಂಚ್ ಅನ್ನೋ ಗುಬ್ಬಿ ಗಾತ್ರದ ಹಕ್ಕಿಗಳನ್ನು ಮರಿಯಾಗಿದ್ದಾಗಲೇ ತಂದು, ದೊಡ್ಡ ಹಕ್ಕಿಗಳ ದನಿ ಕಿವಿಗೆ ಬೀಳದ ಹಾಗೆ ಸಾಕಿದರು. ಆ ಹೊತ್ತಿಗೆ ಸದ್ದನ್ನು ಕಾಗದದ ಮೇಲೆ ಚಿತ್ರವಾಗಿ ಬರೆಯುವ ಯಂತ್ರ ಬಂದಿತ್ತು, ಹಾಗಾಗಿ ಹಾಡನ್ನು ಕಣ್ಣಿನಿಂದ ಹೋಲಿಸಿ ನೋಡಲು ಆಯಿತು. ಒಂಟಿಯಾಗಿ ಬೆಳೆದ ಹಕ್ಕಿ ಹಾಡಿತು, ಆದರೆ ಬರೀ ಎಲುಬುಗೂಡಿನಂಥ ಹಾಡು. ಉದ್ದ ಸುಮಾರಾಗಿ ಸರಿ, ಒಳಗಿನ ಕುಸುರಿ ಇಲ್ಲ. ಥಾರ್ಪ್ ಅವರ ಹತ್ತಿರ ಕಲಿತ ಪೀಟರ್ ಮಾರ್ಲರ್ ಆಮೇಲೆ ಅಮೆರಿಕದ ಬರ್ಕ್ಲಿಗೆ ಹೋದರು. ಮೇಲೆ ಹೇಳಿದ ಮಂಗಗಳ ಕೆಲಸದಲ್ಲಿ ಇದ್ದವರು ಇವರೇ. ತಲೆ ಮೇಲೆ ಬಿಳಿ ಪಟ್ಟೆ ಇರುವ ಒಂದು ಜಾತಿಯ ಗುಬ್ಬಿಯನ್ನು ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತ ಕೇಳ್ತಾ ಹೋದಾಗ, ಕೆಲವೇ ಮೈಲಿ ದೂರದಲ್ಲಿ ಅದೇ ಗುಬ್ಬಿಯ ಹಾಡು ಬೇರೆ ಇತ್ತು. ಒಂದು ಕಡೆಯ ಹಕ್ಕಿಗಳದ್ದೆಲ್ಲ ಒಂದೇ ಶೈಲಿ, ಇನ್ನೊಂದು ಕಡೆಯದು ಇನ್ನೊಂದು.

ಹುಬ್ಬಳ್ಳಿ-ಧಾರವಾಡದವರಿಗೆ ಇದನ್ನು ಬಿಡಿಸಿ ಹೇಳಬೇಕಾ? ಘರಾಣೆ ಅಂದರೆ ಇದೇ ಅಲ್ವಾ. ಅದೇ ರಾಗ, ಅದೇ ಸ್ವರ, ಆದರೆ ಕಿರಾನಾದವರು ಹಾಡಿದಾಗ ಒಂದು ಬಗೆ, ಜೈಪುರದವರು ಹಾಡಿದಾಗ ಇನ್ನೊಂದು ಬಗೆ. ಕೇಳಿ ಪಳಗಿದ ಕಿವಿಗೆ ಎರಡು ಆಲಾಪದಲ್ಲಿ ಗೊತ್ತಾಗುತ್ತದೆ. ಹಕ್ಕಿಗಳಲ್ಲೂ ಹೀಗೆ ಮನೆತನದ ಹಾಡು ಇರೋದು ಅವು ಕೇಳಿ ಕಲಿಯುತ್ತವೆ ಅನ್ನೋದಕ್ಕೆ ದೊಡ್ಡ ಸಾಕ್ಷಿ. ಕೋಗಿಲೆಗೆ ಘರಾಣೆ ಇಲ್ಲ.

ಮಾರ್ಲರ್ ಅವರ ಪ್ರಯೋಗಗಳಲ್ಲಿ ಒಂದು ಲೆಕ್ಕ ಸಿಕ್ಕಿತು. ಆ ಬಿಳಿ ಪಟ್ಟೆಯ ಗುಬ್ಬಿ ಮರಿಗೆ ಹುಟ್ಟಿದ ಸುಮಾರು 10ನೇ ದಿನದಿಂದ 50ನೇ ದಿನದ ಒಳಗೆ ತನ್ನ ಜಾತಿಯ ಹಾಡು ಕೇಳಿಸಿದರೆ ದೊಡ್ಡದಾದ ಮೇಲೆ ಅದನ್ನೇ ಹಾಡುತ್ತದೆ. 50 ದಿನ ಕಳೆದ ಮೇಲೆ ಟೇಪ್ ಎಷ್ಟು ಸಲ ಕೇಳಿಸಿದರೂ ತಲೆಗೆ ಹೋಗುತ್ತಿರಲಿಲ್ಲ. ಕೇಳುವ ಕಾಲದಲ್ಲಿ ಮರಿ ಹಾಡುವುದೇ ಇಲ್ಲ ಅನ್ನೋದನ್ನು ಗಮನಿಸಬೇಕು. ಸುಮ್ನೆ ಕೇಳುತ್ತದೆ. ಹಾಡು ಶುರುವಾಗೋದು ತಿಂಗಳುಗಳ ನಂತರ, ಆಗ ಗುರು ಎದುರಿಗೆ ಇರಬೇಕಿಲ್ಲ. ಮೊದಲು ಏನೇನೋ ತೊದಲುತ್ತದೆ, ತನ್ನ ದನಿಯನ್ನು ತಾನೇ ಕೇಳಿಸಿಕೊಳ್ಳುತ್ತದೆ, ನೆನಪಿನಲ್ಲಿರುವ ಹಾಡಿನ ಜೊತೆ ತಾಳೆ ನೋಡುತ್ತದೆ, ತಿದ್ದಿಕೊಳ್ಳುತ್ತದೆ.

ತಾಳೆ ನೋಡುತ್ತದೆ ಅಂತ ಹೇಗೆ ಗೊತ್ತು? ಮಾರ್ಲರ್ ಅವರ ಶಿಷ್ಯ ಮಸಕಾಜು ಕೊನಿಶಿ 1965ರಲ್ಲಿ ಇದನ್ನು ತೋರಿಸಿದರು. ಹಾಡು ಪೂರ್ತಿ ಕೇಳಿಸಿಕೊಂಡು ನೆನಪಿಟ್ಟುಕೊಂಡ ಮರಿ, ಇನ್ನೂ ಹಾಡಲು ಶುರು ಮಾಡುವ ಮೊದಲೇ ಕಿವಿ ಕಳೆದುಕೊಂಡರೆ ಅದರ ಹಾಡು ಒಂಟಿಯಾಗಿ ಬೆಳೆದ ಹಕ್ಕಿಯದಕ್ಕಿಂತಲೂ ಕೆಟ್ಟದಾಗಿ ಬರುತ್ತದೆ. ಹಾಡು ಗಟ್ಟಿಯಾದ ಮೇಲೆ ಕಿವಿ ಹೋದರೆ ಮೊದಲಿನ ಹಾಗೇ ಹಾಡುತ್ತಿರುತ್ತದೆ. ಅದೇ ಕೊನಿಶಿ ಕೋಳಿಗಳನ್ನೂ ಪರೀಕ್ಷೆ ಮಾಡಿದ್ದರು. ಕಿವಿ ಕೇಳದ ಕೋಳಿಗೆ ಏನೂ ವ್ಯತ್ಯಾಸ ಆಗಲಿಲ್ಲ, ಎಲ್ಲ ಕೂಗೂ ಸರಿಯಾಗೇ ಬಂತು. ಈ ಪ್ರಯೋಗಗಳಿಗಾಗಿ ಹಕ್ಕಿಗಳ ಕಿವಿಯನ್ನು ಬೇಕಂತಲೇ ಕಿವುಡು ಮಾಡಿದ್ದರು. ಓದುವಾಗ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಆ ಹಕ್ಕಿಗಳು ಕೊಟ್ಟ ತಿಳಿವಳಿಕೆಯನ್ನು ನಾವು ಮಕ್ಕಳ ವಿಷಯದಲ್ಲಿ ಸರಿಯಾಗಿ ಬಳಸದೇ ಇದ್ದರೆ ಇನ್ನೂ ದೊಡ್ಡ ಅನ್ಯಾಯ ಅಂತ ನನಗೆ ಅನ್ನಿಸುತ್ತದೆ.

50 ದಿನದ ಲೆಕ್ಕಕ್ಕೆ ಒಂದು ತಿದ್ದುಪಡಿ 1984ರಲ್ಲಿ ಬಂತು. ಲೂಯಿಸ್ ಬ್ಯಾಪ್ಟಿಸ್ಟಾ ಮತ್ತು ಲೂಯಿಸ್ ಪೆಟ್ರಿನೊವಿಚ್ ಅದೇ ಗುಬ್ಬಿಗೆ ಟೇಪಿನ ಬದಲು ಜೀವಂತ ಗುರುವನ್ನು ಕೊಟ್ಟರು, ಪಕ್ಕದ ಪಂಜರದಲ್ಲಿ, ಕಣ್ಣಿಗೆ ಕಾಣುವ ಹಾಗೆ. 50 ದಿನ ದಾಟಿದ ಮರಿಗಳೂ ಕಲಿತವು! ಗುರು ಬೇರೆ ಜಾತಿಯ ಹಕ್ಕಿಯಾದರೂ ಕೆಲವು ಕಲಿತವು. ಆ ಬೇರೆ ಜಾತಿಯ ಗುರು ಯಾರು ಗೊತ್ತಾ? ನಮ್ಮ ಕಡೆಯೂ ಜೊಂಡು ಹುಲ್ಲಿನಲ್ಲಿ ಕಾಣುವ ಪುಟ್ಟ ಕೆಂಪು ಮುನಿಯಾ. ಅಂದರೆ ಕಲಿಕೆಯ ಕಿಟಕಿ ಎಷ್ಟು ಹೊತ್ತು ತೆರೆದಿರುತ್ತದೆ ಅನ್ನೋದು ಎದುರಿಗೆ ಯಾರಿದ್ದಾರೆ ಅನ್ನೋದರ ಮೇಲೂ ನಿಂತಿದೆ. ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಸವಾಯಿ ಗಂಧರ್ವರ ಹತ್ತಿರ ಪಾಠಕ್ಕೆ ಹೋಗುತ್ತಿದ್ದರು. ಎದುರಿಗೆ ಕೂತು ಕಲಿಯೋದಕ್ಕೆ ನಮ್ಮ ಹಿರಿಯರು ಅಷ್ಟು ಬೆಲೆ ಕೊಟ್ಟಿದ್ದರು. ಹಕ್ಕಿಯ ಮಿದುಳೂ ಅದಕ್ಕೆ ಹಾಗೇ ಬೆಲೆ ಕೊಡುತ್ತದೆ.

ಮಿದುಳಿನ ಒಳಗೆ ಏನು ನಡೆಯುತ್ತದೆ ಅನ್ನೋದನ್ನು ಚಿಕ್ಕದಾಗಿ ಹೇಳುತ್ತೇನೆ. ನ್ಯೂಯಾರ್ಕಿನ ರಾಕಫೆಲ್ಲರ್ ವಿಶ್ವವಿದ್ಯಾಲಯದಲ್ಲಿ ಫರ್ನಾಂಡೊ ನೊಟೆಬಾಮ್ 1970ರ ದಶಕದಲ್ಲಿ ಕ್ಯಾನರಿ ಹಕ್ಕಿಯ ಮಿದುಳಿನಲ್ಲಿ ಹಾಡಿಗೆ ಅಂತಲೇ ಇರುವ ಜಾಗಗಳನ್ನು ಗುರುತಿಸಿದರು. ಹಾಡುವ ಗಂಡಿನಲ್ಲಿ ಅವು ದೊಡ್ಡದು, ಹೆಣ್ಣಿನಲ್ಲಿ ಚಿಕ್ಕದು. 1980ರ ದಶಕದಲ್ಲಿ ಅವರ ಗುಂಪು ಇನ್ನೊಂದು ವಿಷಯ ತೋರಿಸಿತು. ದೊಡ್ಡ ಹಕ್ಕಿಯ ಮಿದುಳಿನಲ್ಲೂ ಹೊಸ ನರಕೋಶ ಹುಟ್ಟುತ್ತದೆ. ಬೆಳೆದ ಮಿದುಳಿನಲ್ಲಿ ಹೊಸ ಕೋಶ ಹುಟ್ಟೋದೇ ಇಲ್ಲ ಅಂತ ಆಗ ಹೆಚ್ಚಿನವರು ನಂಬಿದ್ದರು. 2000ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದವರು ಜೀಬ್ರಾ ಫಿಂಚ್ ಹಕ್ಕಿ ನಿದ್ದೆ ಮಾಡುವಾಗ ಅದರ ನರಕೋಶಗಳನ್ನು ಆಲಿಸಿದರು. ಹಗಲು ಹಾಡುವಾಗ ಯಾವ ಲಯದಲ್ಲಿ ಮಿಡಿಯುತ್ತಿದ್ದವೋ ಅದೇ ಲಯ ನಿದ್ದೆಯಲ್ಲೂ ಬರುತ್ತಿತ್ತು. ಹಕ್ಕಿ ನಿದ್ದೆಯಲ್ಲೂ ರಿಯಾಜ್ ಮಾಡುತ್ತದೆ.

ಈಗ ನಮ್ಮ ಮಕ್ಕಳ ವಿಷಯ. ಕೂಸು ಹುಟ್ಟಿದ ದಿನದಿಂದ ಕೇಳಲು ಶುರು ಮಾಡುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ. ತಪ್ಪು. ಬಸುರಿನ ಆರನೇ ತಿಂಗಳ ಹೊತ್ತಿಗೇ ಒಳಗಿವಿ ಕೆಲಸ ಶುರು ಮಾಡಿರುತ್ತದೆ. 1980ರಲ್ಲಿ ಅಮೆರಿಕದ ಆಂಟನಿ ಡಿಕ್ಯಾಸ್ಪರ್ ಮತ್ತು ವಿಲಿಯಂ ಫೈಫರ್, ಹುಟ್ಟಿ ಮೂರು ದಿನ ಕೂಡ ಆಗದ ಕೂಸುಗಳ ಬಾಯಿಗೆ ರಬ್ಬರ್ ತೊಟ್ಟು ಕೊಟ್ಟು, ಚೀಪುವ ಲಯಕ್ಕೆ ತಕ್ಕಂತೆ ತಾಯಿಯ ದನಿಯೋ ಬೇರೆ ಹೆಂಗಸಿನ ದನಿಯೋ ಕೇಳುವ ಹಾಗೆ ಮಾಡಿದರು. ಕೂಸುಗಳು ತಾಯಿ ದನಿ ಬರುವ ಹಾಗೆ ಚೀಪೋದನ್ನು ಬದಲಿಸಿಕೊಂಡವು. ಹಕ್ಕಿಗಳಲ್ಲೂ ಇಂಥದ್ದು ಇದೆ. ಆಸ್ಟ್ರೇಲಿಯಾದ ಫೇರಿರೆನ್ ಅನ್ನೋ ಪುಟ್ಟ ಹಕ್ಕಿ ಮೊಟ್ಟೆಗೆ ಕಾವು ಕೊಡುವಾಗ ಒಂದು ವಿಶೇಷ ದನಿ ಹೊರಡಿಸುತ್ತದೆ. ಮರಿ ಹೊರಬಂದ ಮೇಲೆ ಊಟ ಕೇಳುವ ಕೂಗಿನಲ್ಲಿ ಅದೇ ದನಿ ಇರುತ್ತದೆ, ಒಂದು ಗುಟ್ಟಿನ ಮಾತಿನ ಹಾಗೆ. ಗೂಡಿಗೆ ಬಂದ ಕೋಗಿಲೆ ಜಾತಿಯ ಮರಿಗೆ ಅದು ಗೊತ್ತಿರುವುದಿಲ್ಲ. 2012ರಲ್ಲಿ ಪ್ರಕಟವಾದ ಈ ಕೆಲಸ ಓದಿದಾಗ ನಮ್ಮ ಮಾವಿನ ಮರದ ಕಾಗೆಗೂ ಇಂಥದ್ದೊಂದು ಗುಟ್ಟು ಇದ್ದಿದ್ದರೆ ಅನ್ನಿಸಿತು.

ಮುಂದಿನ ಸಂಗತಿ ಕನ್ನಡದವರಿಗೆ ತುಂಬಾ ಹತ್ತಿರದ್ದು. ಕೆನಡಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಇಂಗ್ಲಿಷ್ ಮನೆಯ ಕೂಸುಗಳಿಗೆ ಹಿಂದಿಯ ತ ಮತ್ತು ಟ ಕೇಳಿಸಿದರು. ಇಂಗ್ಲಿಷಿನಲ್ಲಿ ಈ ವ್ಯತ್ಯಾಸ ಇಲ್ಲ, ದೊಡ್ಡವರಿಗೆ ಎರಡೂ ಒಂದೇ ಥರ ಕೇಳುತ್ತದೆ. ಆದರೆ ಆರರಿಂದ ಎಂಟು ತಿಂಗಳ ಇಂಗ್ಲಿಷ್ ಕೂಸುಗಳಲ್ಲಿ ಹೆಚ್ಚಿನವು ವ್ಯತ್ಯಾಸ ಹಿಡಿದವು. ಹತ್ತರಿಂದ ಹನ್ನೆರಡು ತಿಂಗಳ ಹೊತ್ತಿಗೆ ಹಿಡಿಯುವವು ತೀರಾ ಕಡಿಮೆ. ಕೇಳುವ ಶಕ್ತಿ ಕಡಿಮೆ ಆಯ್ತು ಅಂತಲ್ಲ. ಮಿದುಳು ತನ್ನ ಮನೆಯ ಭಾಷೆಗೆ ಯಾವ ಸದ್ದು ಬೇಕು ಅಂತ ತೀರ್ಮಾನ ಮಾಡಿ, ಬೇಡದ್ದರ ಕಡೆ ಗಮನ ಬಿಡುತ್ತಾ ಬರುತ್ತದೆ. ನಮ್ಮ 'ತಾಟು' ಅನ್ನೋ ಒಂದೇ ಮಾತಿನಲ್ಲಿ ತ ಇದೆ, ಟ ಇದೆ. 'ಹಾಲು' ಮತ್ತು 'ಹಾಳು' ನಡುವೆ ನಾಲಿಗೆ ಒಂದಿಷ್ಟು ಹಿಂದಕ್ಕೆ ಹೊರಳಿದರೆ ಅರ್ಥವೇ ಬದಲು. ಕನ್ನಡದ ಕೂಸು ಇದನ್ನೆಲ್ಲ ಒಂದು ಮಾತೂ ಆಡದೆ, ತೊಟ್ಟಿಲಲ್ಲಿ ಮಲಗಿಕೊಂಡೇ ವಿಂಗಡಿಸಿಕೊಳ್ಳುತ್ತಿರುತ್ತದೆ. ಹಾಡದೆ ಕೇಳುವ ಆ ಗುಬ್ಬಿ ಮರಿಯ ಹಾಗೆ.

ಗುಬ್ಬಿಗೆ ಟೇಪಿಗಿಂತ ಜೀವಂತ ಗುರು ಬೇಕಾಯಿತಲ್ಲ, ಕೂಸಿಗೂ ಹಾಗೇ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಪೆಟ್ರೀಷಿಯಾ ಕೂಲ್ ಮತ್ತು ಜೊತೆಗಾರರು 2003ರಲ್ಲಿ ಒಂಬತ್ತು ತಿಂಗಳ ಅಮೆರಿಕನ್ ಕೂಸುಗಳಿಗೆ ಚೀನೀ ಭಾಷೆ ಕೇಳಿಸಿದರು. ಕೆಲವಕ್ಕೆ ಎದುರಿಗೆ ಕೂತ ಮನುಷ್ಯರು ಆಟ ಆಡಿಸುತ್ತಾ, ಪುಸ್ತಕ ಓದುತ್ತಾ 12 ಸಲ ಮಾತಾಡಿದರು. ಕೆಲವಕ್ಕೆ ಅದೇ ಜನ, ಅದೇ ಮಾತು, ಆದರೆ ಟಿವಿಯಲ್ಲಿ. ಮನುಷ್ಯರ ಎದುರು ಕೂತವು ಚೀನೀ ಸದ್ದುಗಳ ವ್ಯತ್ಯಾಸ ಕಲಿತವು. ಟಿವಿ ನೋಡಿದವು ಏನೂ ಕಲಿಯಲಿಲ್ಲ. ಊಟ ಮಾಡಿಸೋಕೆ ಅಂತ ಕೂಸಿನ ಕೈಗೆ ಮೊಬೈಲ್ ಕೊಡುವಾಗ ನನಗೆ ಪ್ರತಿ ಸಲ ಇದೇ ನೆನಪಾಗುತ್ತದೆ.

ಇಷ್ಟೆಲ್ಲ ನಾನು ಓದಿದ್ದು ಅಕ್ಕನ ಮಗನಿಂದಾಗಿ. ಅವನು ಹುಟ್ಟಿದ್ದು ಒಂದು ಖಾಸಗಿ ಆಸ್ಪತ್ರೆಯಲ್ಲಿ. ಕಿವಿ ಪರೀಕ್ಷೆ ಅಂತ ಒಂದು ಇದೆ ಅಂತಲೂ ನಮಗೆ ಯಾರೂ ಹೇಳಲಿಲ್ಲ. ಕೂಸು ನಗುತ್ತಿತ್ತು, ಕೇಕೆ ಹಾಕುತ್ತಿತ್ತು, ಎಲ್ಲರ ಮುಖ ಗುರುತು ಹಿಡಿಯುತ್ತಿತ್ತು. ಮಾತು ಬರಲಿಲ್ಲ. "ಅವರಪ್ಪನೂ ಮೂರು ವರ್ಷಕ್ಕ ಮಾತಾಡ್ಯಾನ, ತಡಾ ಆಗ್ತಾವ ಬಿಡ್ರಿ" ಅಂದರು ಹಿರಿಯರು. ಬಜೆ ಬೇರು ತೇಯ್ದು ನಾಲಿಗೆಗೆ ಹಚ್ಚಿದರು. ಅಕ್ಕನಿಗೆ ಅನುಮಾನ ಬಂದು ಹಿಂದಿನಿಂದ ತಾಟು ಬಡಿದು ನೋಡಿದಳು, ಕೂಸು ತಿರುಗಿ ನೋಡಿತು. "ಕೇಳತೈತಲ್ಲ!" ಅಂತ ಎಲ್ಲರೂ ಸಮಾಧಾನ ಪಟ್ಟುಕೊಂಡೆವು. ತಾಟಿನ ಪರೀಕ್ಷೆಯನ್ನು ನಂಬಲೇಬೇಡಿ. ಕೂಸು ನೆಲದ ನಡುಕಕ್ಕೆ ತಿರುಗಿರಬಹುದು, ನೆರಳು ಸರಿದದ್ದಕ್ಕೆ ತಿರುಗಿರಬಹುದು, ಎದುರಿಗಿದ್ದವರ ಕಣ್ಣು ಹಿಂದಕ್ಕೆ ಹೋದದ್ದನ್ನು ನೋಡಿ ತಿರುಗಿರಬಹುದು. ಇನ್ನು ಕೆಲವು ಮಕ್ಕಳಿಗೆ ಜೋರು ಸದ್ದು ಮಾತ್ರ ಕೇಳುತ್ತದೆ, ಮಾತಿನ ಸ, ಶ, ತ, ಕ ಯಾವುದೂ ಕೇಳುವುದಿಲ್ಲ.

ನಾವು ಗಮನಿಸದೇ ಹೋದ ಒಂದು ಗುರುತು ಇತ್ತು. ಆರರಿಂದ ಹತ್ತು ತಿಂಗಳ ನಡುವೆ ಕೂಸುಗಳು ಬಾಬಾಬಾ, ದಾದಾದಾ ಅಂತ ಅಕ್ಷರ ಕೂಡಿಸಿ ತೊದಲುತ್ತವೆ. ಕೇಕೆ, ನಗು, ಅಳು ಕಿವುಡು ಕೂಸಿಗೂ ಬರುತ್ತದೆ, ಅವು ಕೋಗಿಲೆಯ ಕುಹೂ ಥರ ಹುಟ್ಟಿನಿಂದ ಬಂದವು. ಈ ಬಾಬಾಬಾ ಮಾತ್ರ ಕೇಳಿಸಿಕೊಂಡರೆ ಬರುವಂಥದ್ದು. ಕಿಂಬ್ರೊ ಆಲರ್ ಮತ್ತು ರೆಬೆಕಾ ಐಲರ್ಸ್ 1988ರಲ್ಲೇ ಇದನ್ನು ತೋರಿಸಿದ್ದರು: ಕೇಳುವ ಕೂಸುಗಳೆಲ್ಲ 11 ತಿಂಗಳ ಒಳಗೆ ಹಾಗೆ ತೊದಲಿದವು, ಕಿವುಡು ಕೂಸುಗಳು ತುಂಬಾ ತಡ. ನಮ್ಮ ಹುಡುಗ ಒಂದು ವರ್ಷ ಆದರೂ ತೊದಲಿರಲಿಲ್ಲ. ನಾವದನ್ನು ಗಂಭೀರ ಸ್ವಭಾವ ಅಂದುಕೊಂಡಿದ್ದೆವು.

ಕೊನೆಗೆ ಗೊತ್ತಾಗಿದ್ದು ಎರಡೂವರೆ ವರ್ಷಕ್ಕೆ, ಅಂಗನವಾಡಿಗೆ ಮಕ್ಕಳ ತಪಾಸಣೆಗೆ ಬಂದ ಸರ್ಕಾರಿ ಡಾಕ್ಟರಿಂದ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅದು. ಆ ಡಾಕ್ಟರ್ ಅಕ್ಕನನ್ನು ಕೂರಿಸಿಕೊಂಡು ಅರ್ಧ ಗಂಟೆ ಮಾತಾಡಿದರು. ಅವರ ಋಣ ನಮ್ಮ ಮನೆ ಮೇಲಿದೆ.

ಕಿವಿಯೊಳಗೆ ಏನಾಗಿರುತ್ತದೆ ಅಂದರೆ, ಶಂಖದ ಹಾಗೆ ಎರಡೂವರೆ ಸುತ್ತು ಸುತ್ತಿಕೊಂಡ ಒಂದು ಪುಟ್ಟ ಕೊಳವೆ ಇದೆ, ಬಟಾಣಿ ಕಾಳಿನಷ್ಟು ದೊಡ್ಡದು. ಅದರಲ್ಲಿ ಸುಮಾರು 15,000 ಕೂದಲುಕೋಶಗಳು ಸಾಲಾಗಿ ನಿಂತಿರುತ್ತವೆ. ಶಂಖದ ಬುಡದವು ಎತ್ತರದ ಸ್ವರಕ್ಕೆ, ತುದಿಯವು ಮಂದ್ರಕ್ಕೆ, ಹಾರ್ಮೋನಿಯಂ ಮನೆಗಳನ್ನು ಸುರುಳಿ ಸುತ್ತಿಟ್ಟ ಹಾಗೆ. ಸದ್ದಿನ ನಡುಕವನ್ನು ವಿದ್ಯುತ್ ಸಂಕೇತ ಮಾಡಿ ನರಕ್ಕೆ ಕೊಡೋದು ಇವುಗಳ ಕೆಲಸ. ಹುಟ್ಟು ಕಿವುಡಿನಲ್ಲಿ ಹೆಚ್ಚಿನ ಸಲ ಕೆಡುವುದು ಇವೇ. ಅರ್ಧಕ್ಕಿಂತ ಹೆಚ್ಚು ಪ್ರಕರಣಗಳಲ್ಲಿ ಕಾರಣ ವಂಶವಾಹಿ. ಸೋದರಮಾವನ ಜೊತೆ, ಅತ್ತೆ ಮಗನ ಜೊತೆ ಮದುವೆ ಮಾಡುವ ನಮ್ಮ ಕಡೆ ಈ ಅಪಾಯ ಜಾಸ್ತಿ. ಇದನ್ನು ಹೇಳಿದರೆ ಮನೆಯಲ್ಲಿ ಕೆಲವರಿಗೆ ಬೇಜಾರಾಗುತ್ತದೆ, ಆದರೂ ಹೇಳಲೇಬೇಕು. ಬಸುರಿನಲ್ಲಿ ರುಬೆಲ್ಲಾ ಜ್ವರ, ತಿಂಗಳು ತುಂಬುವ ಮೊದಲೇ ಹೆರಿಗೆ, ಹುಟ್ಟಿದ ಮೇಲೆ ತೀವ್ರ ಕಾಮಾಲೆ ಇವೂ ಕಾರಣ ಆಗುತ್ತವೆ.

ಸತ್ತ ಕೂದಲುಕೋಶ ನಮ್ಮಲ್ಲಿ ಮತ್ತೆ ಹುಟ್ಟುವುದಿಲ್ಲ. ಹಕ್ಕಿಗಳಲ್ಲಿ ಹುಟ್ಟುತ್ತದೆ! ಭಾರೀ ಸದ್ದಿನಿಂದ ಕಿವಿ ಕೆಟ್ಟ ಕೋಳಿಮರಿ ಮತ್ತು ಕ್ವೇಲ್ ಹಕ್ಕಿಗಳಲ್ಲಿ ಹೊಸ ಕೋಶ ಬೆಳೆಯುವುದನ್ನು 1988ರಲ್ಲಿ ಎರಡು ಗುಂಪುಗಳು ಬೇರೆ ಬೇರೆಯಾಗಿ ತೋರಿಸಿದವು. ಕೋಳಿಗೆ ಆಗುವುದು ಮನುಷ್ಯನಿಗೆ ಯಾಕೆ ಆಗಲ್ಲ ಅಂತ ಅವತ್ತಿನಿಂದ ಹುಡುಕುತ್ತಲೇ ಇದ್ದಾರೆ. ಗಣಪತಿ ಮೆರವಣಿಗೆಯಲ್ಲಿ ಡಿಜೆ ಪಕ್ಕ ಎಳೆ ಕೂಸನ್ನು ಎತ್ತಿಕೊಂಡು ನಿಲ್ಲುವವರು ಇದನ್ನು ನೆನಪಿಡಬೇಕು.

ಹೊಸ ಕೂಸಿನ ಕಿವಿ ಪರೀಕ್ಷೆ ನಿಂತಿರೋದೂ ಒಂದು ಅಚ್ಚರಿಯ ಮೇಲೆ. 1978ರಲ್ಲಿ ಲಂಡನ್ನಿನ ಡೇವಿಡ್ ಕೆಂಪ್, ಕಿವಿ ಸದ್ದನ್ನು ಕೇಳುವುದಷ್ಟೇ ಅಲ್ಲ, ತಾನೂ ಸದ್ದು ಮಾಡುತ್ತದೆ ಅಂತ ತೋರಿಸಿದರು. ಚಟ್ ಅಂತ ಒಂದು ಸದ್ದು ಒಳಗೆ ಕಳಿಸಿದರೆ, ಆರೋಗ್ಯವಾಗಿರುವ ಕೂದಲುಕೋಶಗಳು ಕುಣಿದು ತೀರಾ ಸಣ್ಣ ಮರುದನಿ ಹೊರಗೆ ಕಳಿಸುತ್ತವೆ. ಕಿವಿಗೆ ಪುಟ್ಟ ಮೈಕ್ ಇಟ್ಟರೆ ಅದು ಸಿಗುತ್ತದೆ. ಒಎಇ ಪರೀಕ್ಷೆ ಅಂತಾರೆ. ಸೂಜಿ ಇಲ್ಲ, ನೋವಿಲ್ಲ, ಕೂಸು ಮಲಗಿರುವಾಗ ಕೆಲವೇ ನಿಮಿಷದಲ್ಲಿ ಮುಗಿಯುತ್ತದೆ. ಸರಿ ಬರದಿದ್ದರೆ ಗಾಬರಿ ಬೇಡ, ಹುಟ್ಟಿದ ಹೊಸದರಲ್ಲಿ ಕಿವಿಯಲ್ಲಿ ದ್ರವ ಇದ್ದರೂ ಹಾಗಾಗುತ್ತದೆ. ಮತ್ತೊಮ್ಮೆ ಮಾಡಿಸಿ, ಆಮೇಲೆ ಬೇರಾ (BERA) ಅನ್ನೋ ಪರೀಕ್ಷೆ, ಅದರಲ್ಲಿ ಸದ್ದಿನ ಸಂಕೇತ ನರದ ಮೂಲಕ ಮಿದುಳಿನ ಬುಡದವರೆಗೆ ಹೋಗುತ್ತದಾ ಅಂತ ಗೊತ್ತಾಗುತ್ತದೆ. ಜಗತ್ತಿನಾದ್ಯಂತ ಒಪ್ಪಿಕೊಂಡಿರುವ ಲೆಕ್ಕ ಒಂದು, ಮೂರು, ಆರು. ಒಂದು ತಿಂಗಳೊಳಗೆ ಮೊದಲ ಪರೀಕ್ಷೆ, ಮೂರು ತಿಂಗಳೊಳಗೆ ಖಚಿತ, ಆರು ತಿಂಗಳೊಳಗೆ ಕಿವಿಯಂತ್ರ ಅಥವಾ ಬೇಕಾದ ನೆರವು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ದಶಕಗಳಿಂದ ಇದೇ ಕೆಲಸದಲ್ಲಿದೆ.

ಯಾಕೆ ಇಷ್ಟು ಅವಸರ? ಗುಬ್ಬಿಯ 50 ದಿನದ ಹಾಗೆ ಕೂಸಿನ ಮಿದುಳಿಗೂ ಒಂದು ಗಡುವು ಇದೆ. ಕೊಲೊರಾಡೋ ವಿಶ್ವವಿದ್ಯಾಲಯದ ಅನು ಶರ್ಮಾ ಮತ್ತು ಜೊತೆಗಾರರು, ಹುಟ್ಟು ಕಿವುಡು ಮಕ್ಕಳಿಗೆ ಕಾಕ್ಲಿಯರ್ ಇಂಪ್ಲಾಂಟ್ (ಆಪರೇಷನ್ ಮಾಡಿ ಒಳಗಿವಿಗೆ ಕೂರಿಸುವ, ಸದ್ದಿನ ಸಂಕೇತವನ್ನು ನೇರ ನರಕ್ಕೆ ಕೊಡುವ ಯಂತ್ರ) ಹಾಕಿದ ಮೇಲೆ ಮಿದುಳಿನ ಅಲೆಗಳನ್ನು ಅಳೆದರು. ಮೂರೂವರೆ ವರ್ಷದೊಳಗೆ ಹಾಕಿದ ಹೆಚ್ಚಿನ ಮಕ್ಕಳಲ್ಲಿ ಸದ್ದಿಗೆ ಮಿದುಳು ಕೊಡುವ ಉತ್ತರ ಕೆಲವೇ ತಿಂಗಳಲ್ಲಿ ವಯಸ್ಸಿಗೆ ಸರಿಯಾಗಿ ಬಂತು. ಏಳು ವರ್ಷದ ನಂತರ ಹಾಕಿದವರಲ್ಲಿ ಹೆಚ್ಚಿನವರಿಗೆ ಬರಲಿಲ್ಲ. ಸದ್ದು ಬರದೇ ಇದ್ದಾಗ ಆ ಜಾಗವನ್ನು ಮಿದುಳು ಖಾಲಿ ಬಿಡುವುದಿಲ್ಲ, ನೋಟಕ್ಕೆ, ಸ್ಪರ್ಶಕ್ಕೆ ಬಿಟ್ಟುಕೊಡಲು ಶುರು ಮಾಡುತ್ತದೆ.

ಇಲ್ಲಿ ಒಂದು ಮಾತು ಬಿಡಬಾರದು. ಗಡುವು ಇರೋದು ಭಾಷೆಗೆ, ಕಿವಿಗೆ ಮಾತ್ರ ಅಲ್ಲ. ಮ್ಯಾಕ್‌ಗಿಲ್ ವಿಶ್ವವಿದ್ಯಾಲಯದ ಲಾರಾ ಆನ್ ಪೆಟಿಟೊ ಮತ್ತು ಪೌಲಾ ಮರೆಂಟೆಟ್ 1991ರಲ್ಲಿ ತೋರಿಸಿದ ಹಾಗೆ, ಸನ್ನೆ ಭಾಷೆ ಆಡುವ ಮನೆಯ ಕಿವುಡು ಕೂಸುಗಳು ಕೈಯಲ್ಲೇ ತೊದಲುತ್ತವೆ, ಬಾಬಾಬಾ ಅನ್ನುವ ಅದೇ ವಯಸ್ಸಿಗೆ. ಯಂತ್ರ ಹಾಕಿಸಲಿ ಬಿಡಲಿ, ಕೂಸಿಗೆ ಮೊದಲ ವರ್ಷದಲ್ಲೇ ಯಾವುದಾದರೂ ಒಂದು ಪೂರ್ತಿ ಭಾಷೆ ಸಿಗಬೇಕು, ಕಿವಿಯಿಂದ ಇಲ್ಲವೇ ಕಣ್ಣಿನಿಂದ. ಸನ್ನೆ ಕಲಿಸಿದರೆ ಮಾತು ಬರಲ್ಲ ಅಂತ ಹೆದರಿಸುವವರ ಮಾತು ಕೇಳಿ ನಾವು ಒಂದು ವರ್ಷ ಕಳೆದುಕೊಂಡೆವು, ಅದು ಈಗಲೂ ಚುಚ್ಚುತ್ತದೆ.

ನಮ್ಮ ಹುಡುಗನಿಗೆ ಇಂಪ್ಲಾಂಟ್ ಆಗಿದ್ದು ಮೂರು ವರ್ಷ ಎರಡು ತಿಂಗಳಿಗೆ. ಸ್ವಿಚ್ ಹಾಕಿದ ದಿನ ಅವನು ಹೆದರಿ ಅತ್ತ. ಮುಂದಿನ ಎರಡು ವರ್ಷ ಅಕ್ಕ ವಾರಕ್ಕೆ ಎರಡು ಸಲ ಹಾವೇರಿಯಿಂದ ಹುಬ್ಬಳ್ಳಿಗೆ ಬಸ್ಸಿನಲ್ಲಿ ಥೆರಪಿಗೆ ಕರೆದುಕೊಂಡು ಬಂದಳು. ಮನೆಯಲ್ಲಿ ಅಡುಗೆ ಮಾಡುವಾಗ, ಬಟ್ಟೆ ಒಗೆಯುವಾಗ, ಎದುರಿಗೆ ಕೂರಿಸಿಕೊಂಡು ಮಾತಾಡುತ್ತಲೇ ಇದ್ದಳು. 'ಹಾಲು' ಅನ್ನೋ ಮಾತು ಬಂತು, 'ಹಾಳು' ಬರಲು ಇನ್ನೊಂದು ವರ್ಷ ಹಿಡಿಯಿತು.

ರಾತ್ರಿ ಮಲಗುವಾಗ ಕಿವಿ ಹಿಂದಿನ ಯಂತ್ರ ತೆಗೆದಿಡುತ್ತಾನೆ, ಆಗ ಅವನಿಗೆ ಏನೂ ಕೇಳುವುದಿಲ್ಲ. ಹಾಗಾಗಿ ಐದು ಗಂಟೆಯ ಕೋಗಿಲೆ ಅವನಿಗೆ ತಪ್ಪಿಹೋಗುತ್ತಿತ್ತು. ಹೋದ ಬೇಸಿಗೆ ರಜೆಗೆ ಬಂದ ನಾಲ್ಕನೇ ದಿನ ತಾನೇ ನನಗೆ ಹೇಳಿಟ್ಟ, ಶುರುವಾದ ಕೂಡಲೇ ನನ್ನನ್ನ ಎಬ್ಬಿಸು ಅಂತ. ಎಬ್ಬಿಸಿದೆ. ಯಂತ್ರ ಸಿಕ್ಕಿಸಿಕೊಂಡು ಹಿತ್ತಲಿಗೆ ಬಂದು ನಿಂತ. ಅಷ್ಟರಲ್ಲಿ ಮರದ ಇನ್ನೊಂದು ಕಡೆಯಿಂದ ಕಿಕ್ ಕಿಕ್ ಕಿಕ್ ಅಂತ ಚೂಪಾದ ದನಿ ಬಂತು. ಅದು ಯಾವ ಹಕ್ಕಿ ಅಂದ. ಅದೂ ಕೋಗಿಲೆನೇ, ಹೆಣ್ಣು, ಮೈ ತುಂಬಾ ಚುಕ್ಕೆ ಇರುತ್ತದೆ, ಅದು ಕುಹೂ ಅನ್ನುವುದಿಲ್ಲ ಅಂತ ಹೇಳಿದೆ. ಇಬ್ಬರೂ ಎಲೆಗಳ ನಡುವೆ ಅದನ್ನು ಹುಡುಕತೊಡಗಿದೆವು.